ಕೇಳುವ ಕಿವಿಗೆ ಪುಟ ತಿರುಗಿಸಲು ಬಾರದು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಮುಂದಿನ ತಿಂಗಳು ನಮ್ಮ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳ ವಾರ್ಷಿಕ ಸಭೆಯಲ್ಲಿ ‘ಹಾವು ಕಡಿತ: ತಿಳಿದಿರಬೇಕಾದ ವಿಷಯಗಳು’ ಎಂದು ಹದಿನೈದು ನಿಮಿಷ ಮಾತನಾಡಲು ಕೇಳಿದ್ದಾರೆ. ಇನ್ನೂರು ಹೆಂಗಸರಾದರೂ ಸೇರುತ್ತಾರೆ. ಪಾಠ ಮಾಡಿ ಅಭ್ಯಾಸವಿದೆ, ವೇದಿಕೆ ಹತ್ತಿ ಅಭ್ಯಾಸವಿಲ್ಲ. ಹದಿನಾರು ಪುಟ ಟಿಪ್ಪಣಿ, ನಲವತ್ತು ಸ್ಲೈಡು ಸಿದ್ಧವಾಗಿವೆ. ಬರೆದುಕೊಂಡು ಓದಲೇ, ಬಾಯಿಪಾಠ ಮಾಡಲೇ? ಜನ ನಡುವೆ ಎದ್ದು ಹೋಗದಂತೆ ಏನು ಮಾಡಬೇಕು? ನಾಟಿ ಔಷಧಿಯ ಬಗ್ಗೆ ಯಾರಾದರೂ ಕೇಳಿದರೆ ಏನೆನ್ನಲಿ? ಮೈಕಿನ ಮುಂದೆ ನಿಂತರೆ ಕಾಲು ನಡುಗುತ್ತದೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ಮೇಡಂ, ಕಾಲಿನ ವಿಚಾರ ಆಮೇಲೆ ನೋಡೋಣ. ನನಗೆ ನಡುಕ ಹುಟ್ಟಿಸಿದ್ದು ನಿಮ್ಮ ಹದಿನಾರು ಪುಟ.

ಮೂವತ್ತು ವರ್ಷ ಕೃಷಿ ವಿಸ್ತರಣೆಯ ಕೆಲಸದಲ್ಲಿ ರೈತರ ಸಭೆಗಳಲ್ಲಿ ಮಾತನಾಡಿದ್ದೇನೆ. ಈಗ ಮಾತನಾಡುವವರಿಗೆ ತರಬೇತಿ ಕೊಡುತ್ತೇನೆ. ನನ್ನ ಮೊದಲ ಭಾಷಣ ಮಣ್ಣು ಪರೀಕ್ಷೆಯ ಬಗ್ಗೆ. ಗಿಡಕ್ಕೆ ಬೇಕಾದ ಪೋಷಕಾಂಶಗಳು ಎಷ್ಟು, ರಸಸಾರ ಎಂದರೇನು, ಸಾರಜನಕ ಕಡಿಮೆಯಾದರೆ ಎಲೆ ಏಕೆ ಹಳದಿಯಾಗುತ್ತದೆ, ಎಲ್ಲವನ್ನೂ ಮುಕ್ಕಾಲು ಗಂಟೆ ಹೇಳಿದೆ. ಚಪ್ಪಾಳೆಯೂ ಬಿತ್ತು. ಕೆಳಗಿಳಿದು ಕಾಫಿ ಲೋಟ ಹಿಡಿದಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು, ‘ಸ್ವಾಮಿ, ಮಣ್ಣನ್ನು ಹೊಲದ ಯಾವ ಮೂಲೆಯಿಂದ ತೆಗೆಯಬೇಕು?’ ಎಂದರು. ಮೂಲೆಯಿಂದ ತೆಗೆಯಲೇಬಾರದು. ಬದು, ಗೊಬ್ಬರದ ಗುಂಡಿ, ಮರದ ಬುಡ ಇವುಗಳ ಹತ್ತಿರದ ಜಾಗ ಬಿಟ್ಟು, ಎಂಟು ಹತ್ತು ಕಡೆ ಆರಿಂಚು ಆಳದ ಗುಳಿ ತೋಡಿ, ಗುಳಿಯ ಬದಿಯಿಂದ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ಕೊನೆಗೆ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಅಂದು ಆ ಊರಿಗೆ ಬೇಕಾಗಿದ್ದದ್ದು ಇಷ್ಟೇ. ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಹೇಳಿ ಮುಗಿಸಿದ್ದೆ.

ಅಂದಿನಿಂದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಓದುವವರಿಗೆ ಇರುವ ಸೌಕರ್ಯ ಕೇಳುವವರಿಗೆ ಇಲ್ಲ. ಪುಸ್ತಕದಲ್ಲಿ ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸಬಹುದು, ಬೆರಳಿಟ್ಟುಕೊಂಡು ಯೋಚಿಸಬಹುದು, ಬೇಡದ್ದನ್ನು ಹಾರಿಸಬಹುದು. ಶಾಮಿಯಾನದ ಕೆಳಗೆ, ಮಡಿಲಲ್ಲಿ ಮಗು ಮಲಗಿಸಿಕೊಂಡು ಕುಳಿತ ಹೆಂಗಸಿಗೆ ನಿಮ್ಮ ವಾಕ್ಯ ಒಮ್ಮೆ ತಪ್ಪಿತೆಂದರೆ ತಪ್ಪಿತು. ಮಾಹಿತಿ ಕೊಡುವ ಭಾಷಣದ ಇಡೀ ಕಸುಬು ಈ ಒಂದು ಕಷ್ಟಕ್ಕೆ ಕಂಡುಕೊಂಡ ಉಪಾಯಗಳೇ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಿಂದ ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳು ಆಮೇಲೆ ಕಿರುಹೊತ್ತಗೆಗಳಾಗಿ ಅಚ್ಚಾದವು. ಮೊದಲು ಮಾತು, ಆಮೇಲೆ ಪುಸ್ತಕ. ನಾವೀಗ ಪುಸ್ತಕವನ್ನೇ ತಂದು ಮೈಕಿನ ಮುಂದೆ ಸುರಿಯುತ್ತೇವೆ.

ಮೊದಲು ಶೀರ್ಷಿಕೆಯನ್ನು ಬದಲಿಸಿ. ‘ತಿಳಿದಿರಬೇಕಾದ ವಿಷಯಗಳು’ ಎನ್ನುವುದು ಬಾಯಿ ಬಿಗಿಯದ ಗೋಣಿಚೀಲ. ಏನು ಹಾಕಿದರೂ ಹಿಡಿಸುತ್ತದೆ. ಸಭೆ ಮುಗಿಸಿ ಮನೆಗೆ ಹೋದ ಹೆಂಗಸು ರಾತ್ರಿ ಊಟಕ್ಕೆ ಬಡಿಸುತ್ತಾ ಅತ್ತೆಗೋ ಗಂಡನಿಗೋ ನಿಮ್ಮ ಮಾತನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಆ ವಾಕ್ಯ ಯಾವುದು? ಅದನ್ನು ಮೊದಲು ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಹಾವು ಕಡಿದರೆ ಏನನ್ನೂ ಬಿಗಿಯದೆ, ಕೊಯ್ಯದೆ, ಅಲುಗಾಡಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ.’ ಕೊನೆಯ ‘ಅಂತೆ’ಯನ್ನು ಗಮನಿಸಿ. ನಿಮ್ಮ ಮಾತು ಇನ್ನೊಬ್ಬರ ಬಾಯಲ್ಲಿ ‘ಅಂತೆ’ ಸೇರಿಸಿಕೊಂಡು ಹೊರಡಬೇಕು. ಹಾಗೆ ಹೊರಡುವಷ್ಟು ಸಣ್ಣದಾಗಿರಬೇಕು.

ಈಗ ಹದಿನಾರು ಪುಟವನ್ನು ನೆಲದ ಮೇಲೆ ಹರಡಿಕೊಂಡು, ಒಂದೊಂದು ವಿಷಯವನ್ನೂ ಕೇಳಿ: ಇದು ಗೊತ್ತಾದರೆ ಈ ಹೆಂಗಸು ಹಾವು ಕಡಿದ ಹೊತ್ತಿನಲ್ಲಿ ಮಾಡುವ ಕೆಲಸ ಬದಲಾಗುತ್ತದೆಯೇ? ಬದಲಾಗದಿದ್ದರೆ ಪಕ್ಕಕ್ಕೆ.

ಇದು ಹೇಳಿದಷ್ಟು ಸುಲಭವಲ್ಲ. ನಿಮ್ಮ ಟಿಪ್ಪಣಿಯಲ್ಲಿ ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆ ಖಂಡಿತ ಇರುತ್ತದೆ. ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದು ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ವೈದ್ಯರು ತಿಳಿಯುತ್ತಾರೆ. ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಚಂದದ ಪ್ರಯೋಗ ಎಲ್ಲಿ ಸಿಗಬೇಕು! ಒಂದು ನಳಿಕೆ, ಒಂದು ಗಡಿಯಾರ, ಉತ್ತರ ಕೈಯಲ್ಲಿ. ಆದರೆ ಅದು ಆಸ್ಪತ್ರೆಯೊಳಗಿನ ಕೆಲಸ. ಆಸ್ಪತ್ರೆಯ ಬಾಗಿಲವರೆಗಿನ ದಾರಿಯಲ್ಲಿ ಅದರಿಂದ ಏನೂ ಆಗಬೇಕಾಗಿಲ್ಲ. ಪಕ್ಕಕ್ಕಿಡಿ, ನೋವಾದರೂ ಇಡಿ. ‘ಡಾಕ್ಟರ್ ಏಕೆ ಸುಮ್ಮನೆ ಕೂರಿಸುತ್ತಾರೆ?’ ಎಂದು ಯಾರಾದರೂ ಕೇಳಿದರೆ ಆಗ ಹೊರತೆಗೆಯಿರಿ. ಅಲ್ಲಿ ಅದು ಚಿನ್ನ.

ಇದೇ ಜರಡಿಯಲ್ಲಿ ಹಾವುಗಳ ಚಿತ್ರಗಳೂ ಜರಿಯುತ್ತವೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನೂ ಗುರುತಿಸುವುದು ಹೇಗೆಂದು ನಿಮ್ಮ ನಲವತ್ತು ಸ್ಲೈಡಿನಲ್ಲಿ ಅರ್ಧ ಹೋಗಿರಬಹುದು. ನಮ್ಮ ದೇಶದಲ್ಲಿ ಕೊಡುವ ಚುಚ್ಚುಮದ್ದು ಈ ನಾಲ್ಕರ ವಿಷಕ್ಕೂ ಒಂದೇ. ವೈದ್ಯರು ಚಿಕಿತ್ಸೆ ಮಾಡುವುದು ರೋಗಿಯ ಲಕ್ಷಣ ನೋಡಿಕೊಂಡು. ಹೀಗಿರುವಾಗ ಹಾವನ್ನು ಗುರುತಿಸಬೇಕೆಂದು ಹೇಳಿಕೊಟ್ಟರೆ ಜನ ಹಾವಿನ ಹಿಂದೆ ದೊಣ್ಣೆ ಹಿಡಿದು ಓಡುತ್ತಾರೆ, ಇನ್ನೊಬ್ಬರಿಗೂ ಕಡಿಸಿಕೊಳ್ಳುತ್ತಾರೆ. ಆದ್ದರಿಂದ ‘ಹಾವನ್ನು ಹುಡುಕಬೇಡಿ, ಹೊತ್ತು ಹಾಳು’ ಎಂದು ಒಂದೇ ಮಾತಿನಲ್ಲಿ ಮುಗಿಸಿ.

ನಾಲ್ಕರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ, ಕಟ್ಟುಹಾವನ್ನು. ಅದು ಜರಡಿಯಲ್ಲಿ ನಿಲ್ಲುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಜೋತು ಬೀಳುತ್ತದೆ, ನುಂಗಲು ಕಷ್ಟವಾಗುತ್ತದೆ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕಾಯಿಸುತ್ತಾ ಕೂರುವವರಿಗೆ ಈ ಸಂಗತಿ ತಿಳಿದರೆ ಮುಂದಿನ ಹೆಜ್ಜೆ ಬದಲಾಗುತ್ತದೆ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಎಂಬ ಮಾತೂ ಇದೇ ಜಾಗದಲ್ಲಿ ಸಹಜವಾಗಿ ಬರುತ್ತದೆ.

ಉಳಿದದ್ದನ್ನು ಹೇಗೆ ಜೋಡಿಸುವುದು? ಪಠ್ಯಪುಸ್ತಕ ವಿಧಗಳಿಂದ ಶುರು ಮಾಡುತ್ತದೆ: ಪೀಠಿಕೆ, ವರ್ಗೀಕರಣ, ಲಕ್ಷಣ, ಚಿಕಿತ್ಸೆ. ಕಿವಿಗೆ ಅದು ಒಗ್ಗುವುದಿಲ್ಲ. ಕಿವಿ ಲೆಕ್ಕ ಇಟ್ಟುಕೊಳ್ಳುವುದು ‘ಆಮೇಲೆ?’ ಎಂಬ ಪ್ರಶ್ನೆಯಿಂದ. ಸಂಜೆ ಕೊಟ್ಟಿಗೆಯಲ್ಲಿ ಹುಲ್ಲು ತೆಗೆಯಲು ಕೈ ಹಾಕಿದಾಗ ಕಡಿಯಿತು. ಆಮೇಲೆ? ಕೂಗು ಹಾಕಿದಳು, ಮನೆಯವರು ಓಡಿ ಬಂದರು. ಆಮೇಲೆ? ಹೀಗೆ ಗಡಿಯಾರದ ಮುಳ್ಳು ಹಿಡಿದುಕೊಂಡು ಆಸ್ಪತ್ರೆಯ ಬಾಗಿಲವರೆಗೆ ಕರೆದೊಯ್ಯಿರಿ. ನಡುವೆ ಯಾರ ಗಮನವಾದರೂ ಎರಡು ನಿಮಿಷ ಬೇರೆಡೆ ಹೋದರೂ, ಮತ್ತೆ ಕಿವಿಗೊಟ್ಟಾಗ ಈಗ ಎಲ್ಲಿದ್ದೇವೆ ಎಂದು ತಕ್ಷಣ ಗೊತ್ತಾಗುತ್ತದೆ. ವರ್ಗೀಕರಣದಲ್ಲಿ ದಾರಿ ತಪ್ಪಿದವರು ಮರಳಿ ಬರುವುದಿಲ್ಲ, ಮೊಬೈಲಿಗೆ ಹೋಗುತ್ತಾರೆ. ಹರಿಕಥೆಯ ದಾಸರು ಉಪಕಥೆ ಹೇಳಿ ಮುಗಿಸಿ ‘ಇತ್ತ...’ ಎಂದು ರಾಗ ಎಳೆಯುತ್ತಿದ್ದದ್ದು ಸುಮ್ಮನೆ ಅಲ್ಲ. ದಾರಿ ತಪ್ಪಿದವರನ್ನು ಕೈಹಿಡಿದು ಮೂಲ ಕಥೆಗೆ ತರುವ ಕೂಗು ಅದು.

ಇನ್ನು ವಾಕ್ಯಗಳ ವಿಚಾರಕ್ಕೆ ಬರುತ್ತೇನೆ. ಭಾಷಣ ಕಲಿಸುವವರು ಧ್ವನಿ, ನಿಲುವು, ಹಾವಭಾವ ಎಂದು ದಿನವಿಡೀ ಮಾತನಾಡುತ್ತಾರೆ. ವಾಕ್ಯದ ಗೊಡವೆಗೆ ಹೋಗುವುದಿಲ್ಲ. ಕನ್ನಡದಲ್ಲಿ ಮಾತನಾಡುವವರಿಗೆ ನಿಜವಾದ ಅಪಾಯ ಇರುವುದು ಅಲ್ಲಿಯೇ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬೇಕೋ ಬೇಡವೋ ಎಂಬುದು ಕಟ್ಟಕಡೆಯ ಅಕ್ಷರಗಳಲ್ಲಿ ಗೊತ್ತಾಗುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಹೀಗೊಂದು ವಾಕ್ಯ ಇರಬಹುದು: ‘ಹಾವು ಕಡಿದ ಜಾಗದಿಂದ ಸ್ವಲ್ಪ ಮೇಲ್ಭಾಗದಲ್ಲಿ ಹಗ್ಗ, ದಾರ ಅಥವಾ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ.’ ಅಚ್ಚಿನಲ್ಲಿ ಇದರಲ್ಲಿ ಏನೂ ತಪ್ಪಿಲ್ಲ. ಮೈಕಿನಲ್ಲಿ ಹೇಳಿ ನೋಡಿ. ನಾವೆಲ್ಲ ವಾಕ್ಯದ ಕೊನೆಗೆ ಬರುವಾಗ ಉಸಿರು ಕಳೆದುಕೊಂಡು ಧ್ವನಿ ಇಳಿಸುತ್ತೇವೆ. ಅಷ್ಟರಲ್ಲಿ ಒಂದು ಮಗು ಅಳುತ್ತದೆ, ಹಿಂದೆ ಯಾರೋ ಕುರ್ಚಿ ಎಳೆಯುತ್ತಾರೆ, ಸ್ಪೀಕರ್ ಕುಂಯ್ ಎನ್ನುತ್ತದೆ. ‘ಬೇಡಿ’ ಹಾರಿಹೋಯಿತು. ಹಿಂದಿನ ಸಾಲಿನ ಹೆಂಗಸಿಗೆ ಸಿಕ್ಕಿದ್ದು ಇಷ್ಟು: ಕಡಿದ ಜಾಗದ ಮೇಲೆ, ಹಗ್ಗದಿಂದ, ಬಿಗಿಯಾಗಿ ಕಟ್ಟಬೇಕು. ಟೀಚರ್ ಹೇಳಿದ್ದು! ನೀವು ತಿಳಿವಳಿಕೆ ಕೊಡಲು ಹೋಗಿ ತದ್ವಿರುದ್ಧವನ್ನು ಕಲಿಸಿ ಬಂದಿರುತ್ತೀರಿ.

ಮದ್ದು ಸುಲಭ. ನಿಷೇಧವನ್ನು ಎರಡೇ ಪದದಲ್ಲಿ ಹೇಳಿ. ‘ಹಗ್ಗ ಬೇಡ. ಬ್ಲೇಡು ಬೇಡ. ಬಾಯಿ ಬೇಡ.’ ಬಿಗಿಯುವುದು, ಕೊಯ್ಯುವುದು, ಹೀರುವುದು ಮೂರೂ ಅಲ್ಲಿವೆ. ಒಂದೊಂದರ ನಂತರವೂ ನಿಲ್ಲಿಸಿ, ಕಾರಣ ಕೊಡಿ. ಬಿಗಿದರೆ ವಿಷ ನಿಲ್ಲುವುದಿಲ್ಲ, ರಕ್ತ ನಿಲ್ಲುತ್ತದೆ, ಕೈಯೋ ಕಾಲೋ ಕೊಳೆಯುವ ಅಪಾಯ. ಕೊಯ್ದರೆ, ಅದರಲ್ಲೂ ಮಂಡಲದ ವಿಷ ಏರಿದವರಿಗೆ, ರಕ್ತ ಹೆಪ್ಪುಗಟ್ಟದೆ ಸುರಿಯುತ್ತಲೇ ಇರುತ್ತದೆ. ಹೀರಿದರೆ ವಿಷ ಹೊರಬರುವುದಿಲ್ಲ. ಕಾರಣ ಹೇಳಿ ಮುಗಿಸಿದ ಮೇಲೆ ಮೂರನ್ನೂ ಒಟ್ಟಿಗೆ ಮತ್ತೊಮ್ಮೆ ಹೇಳಿ. ಭಾಷಣದ ಉದ್ದಕ್ಕೂ ಮೂರು ನಾಲ್ಕು ಸಲ ಬರಲಿ. ಬರವಣಿಗೆಯಲ್ಲಿ ಪುನರುಕ್ತಿ ದೋಷ ಎಂದು ನಾವೇ ಮಕ್ಕಳಿಗೆ ಅಂಕ ಕಳೆಯುತ್ತೇವೆ. ಮಾತಿನಲ್ಲಿ ಅದು ಪಲ್ಲವಿ.

ಇನ್ನೊಂದು ತೊಡಕನ್ನು ನೋಡಿ. ನಿಮ್ಮ ವಿಷಯದಲ್ಲಿ ‘ಕಟ್ಟು’ ಎಂಬ ಪದ ಮೂರು ಕಡೆ ಬರುತ್ತದೆ. ಹಾವಿನ ಹೆಸರು ಕಟ್ಟುಹಾವು. ಹಗ್ಗ ಕಟ್ಟಬಾರದು. ಆದರೆ ಕೈ ಅಲುಗದಂತೆ ಮರದ ಪಟ್ಟಿ ಇಟ್ಟು ಬಟ್ಟೆ ಕಟ್ಟಬೇಕು! ಓದುವವರು ಇದನ್ನು ಬಿಡಿಸಿಕೊಳ್ಳುತ್ತಾರೆ, ಕೇಳುವವರು ಗೊಂದಲಕ್ಕೆ ಬೀಳುತ್ತಾರೆ. ಒಂದೊಂದಕ್ಕೂ ಬೇರೆ ಪದ ಹಂಚಿಕೊಡಿ. ಹಗ್ಗಕ್ಕೆ ‘ಬಿಗಿಯುವುದು’, ಮರದ ಪಟ್ಟಿಗೆ ‘ಆಸರೆ ಕೊಡುವುದು’. ಆಮೇಲೆ ತಪ್ಪಿಯೂ ಅದಲುಬದಲು ಮಾಡಬೇಡಿ. ಸಮಾನಾರ್ಥಕ ಪದಗಳ ಸೊಗಸು ಲಲಿತ ಪ್ರಬಂಧಕ್ಕಿರಲಿ. ಹಾಗೆಯೇ ‘ರೋಗಿಯನ್ನು ಆಸ್ಪತ್ರೆಗೆ ಸ್ಥಳಾಂತರಿಸುವ ಪ್ರಕ್ರಿಯೆಯಲ್ಲಿ ವಿಳಂಬವಾಗದಂತೆ ಎಚ್ಚರವಹಿಸುವುದು ಅವಶ್ಯಕ’ ಎಂಬ ಸುತ್ತೋಲೆಯ ಕನ್ನಡ ನಿಮ್ಮ ಟಿಪ್ಪಣಿಯಲ್ಲಿ ಎಲ್ಲೆಲ್ಲಿ ನುಸುಳಿದೆಯೋ ಅಲ್ಲೆಲ್ಲ ಕೆಂಪು ಶಾಯಿ ಹಾಕಿ. ‘ತಡ ಮಾಡದೆ ಹೊರಡಿ’ ಸಾಕು.

ಅಂಕಿ ಅಂಶ ಹೇಳಬೇಕೇ? ಒಂದು ಸಾಕು. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆ ಎಂಬುದು ದೇಶವ್ಯಾಪಿ ಮರಣ ಸಮೀಕ್ಷೆಯೊಂದನ್ನು ಆಧರಿಸಿದ ಅಂದಾಜು. ಐವತ್ತೆಂಟು ಸಾವಿರ ಎಂದರೆ ಎಷ್ಟು ಎಂದು ನನಗೂ ಕಣ್ಣಿಗೆ ಕಟ್ಟುವುದಿಲ್ಲ, ನಿಮಗೂ ಕಟ್ಟುವುದಿಲ್ಲ. ಭಾಗಿಸಿ ನೋಡಿ, ಗಂಟೆಗೆ ಆರೇಳು ಮಂದಿ ಆಗುತ್ತದೆ. ‘ನಾವಿಲ್ಲಿ ಬೆಳಿಗ್ಗೆ ಹತ್ತಕ್ಕೆ ಸೇರಿದೆವು, ಈಗ ಹನ್ನೊಂದು. ಅಷ್ಟರಲ್ಲಿ ದೇಶದಲ್ಲಿ ಆರೇಳು ಮನೆಗಳಲ್ಲಿ ಹೆಣ ಬಿದ್ದಿದೆ’ ಎನ್ನಿ. ಅದನ್ನೂ ಆರಂಭದಲ್ಲಿ ಹೇಳಬೇಡಿ. ಹೆದರಿಸಿ ಶುರು ಮಾಡಿದರೆ ಜನ ಹೆದರಿಕೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದ್ದು, ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ನಿಮ್ಮ ಟಿಪ್ಪಣಿಯಲ್ಲಿದ್ದರೆ, ಮುಂದಿನ ಸಾಲಿನಲ್ಲಿ ಕುಳಿತ ಅಧಿಕಾರಿಗಳು ಊಟದ ಹೊತ್ತಿನಲ್ಲಿ ಮಾತಿಗೆ ಸಿಕ್ಕಾಗ ಹೇಳಲು ಇಟ್ಟುಕೊಳ್ಳಿ.

ಶುರು ಹೇಗೆ? ‘ವೇದಿಕೆಯ ಮೇಲೆ ಆಸೀನರಾಗಿರುವ...’ ಎಂದು ಹನ್ನೊಂದು ಜನರ ಹೆಸರು, ಹುದ್ದೆ ಓದುವ ಕೆಲಸವನ್ನು ಸ್ವಾಗತ ಭಾಷಣದವರು ಆಗಲೇ ಮಾಡಿರುತ್ತಾರೆ. ‘ವೇದಿಕೆಯಲ್ಲಿರುವ ಹಿರಿಯರಿಗೂ ಮುಂದೆ ಕುಳಿತಿರುವ ಅಕ್ಕತಂಗಿಯರಿಗೂ ನಮಸ್ಕಾರ’ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಚಿಂತೆಯಿಲ್ಲ. ಅಲಂಕಾರಕ್ಕೆಂದು ವಚನ, ಸುಭಾಷಿತ ಬೇಡ. ನಿಮಗಿಂತ ಮುಂಚೆ ಮಾತನಾಡಿದ ಮೂವರೂ ಅದನ್ನೇ ಹೇಳಿರುತ್ತಾರೆ. ನೇರವಾಗಿ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಮನೆಯಲ್ಲಾಗಲಿ, ಬೀದಿಯಲ್ಲಾಗಲಿ ಯಾರಿಗಾದರೂ ಹಾವು ಕಡಿದದ್ದನ್ನು ಕಂಡವರು ಕೈ ಎತ್ತಿ.’ ಹಾಸನದ ಕಡೆಯ ಹಳ್ಳಿಗಳಲ್ಲಿ ಕೈಗಳು ಏಳದೆ ಇರುವುದಿಲ್ಲ. ಕೈ ಎತ್ತಿದವರಲ್ಲಿ ಒಬ್ಬರನ್ನು, ‘ಆಗ ಮೊದಲು ಏನು ಮಾಡಿದಿರಿ ಅಕ್ಕ?’ ಎಂದು ಕೇಳಿ. ಅವರು ಹೇಳುವುದರಲ್ಲಿ ಹಗ್ಗವೋ ಬ್ಲೇಡೋ ಇದ್ದೇ ಇರುತ್ತದೆ. ಅದನ್ನು ಅಲ್ಲೇ ತಪ್ಪೆಂದು ಹೇಳಿ ಅವರ ಮುಖ ಕೆಡಿಸಬೇಡಿ. ‘ಎಲ್ಲರೂ ಹಾಗೇ ಮಾಡುತ್ತಿದ್ದೆವು, ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು’ ಎಂದು ಅವರನ್ನು ನಿಮ್ಮ ಪಕ್ಕಕ್ಕೆ ಕರೆದುಕೊಂಡು ಮುಂದುವರಿಯಿರಿ.

ಇಡೀ ಭಾಷಣದಲ್ಲಿ ಜನ ಕತ್ತು ಚಾಚಿ ನೋಡುವ ಎರಡು ನಿಮಿಷ ಬೇಕು. ನಿಮ್ಮ ವಿಷಯಕ್ಕೆ ಅದು ಸಲೀಸಾಗಿ ಒದಗುತ್ತದೆ. ಸಭೆಯಿಂದ ಒಬ್ಬ ಹುಡುಗಿಯನ್ನು ಮೇಲೆ ಕರೆಯಿರಿ. ಶಾಲೆಯ ಮರದ ಅಳತೆಪಟ್ಟಿ, ಒಂದು ಹಳೆಯ ಟವೆಲ್ ಇಟ್ಟುಕೊಂಡಿರಿ. ಆಕೆಯ ಕೈಗೆ ಪಟ್ಟಿಯನ್ನು ಆನಿಸಿ, ಮೂಳೆ ಮುರಿದಾಗ ಮಾಡುವಂತೆ ಟವೆಲ್ ಸುತ್ತಿ, ಸುತ್ತಿದ ಬಟ್ಟೆಯೊಳಗೆ ನಿಮ್ಮ ಬೆರಳು ತೂರಿಸಿ ತೋರಿಸಿ: ‘ಬೆರಳು ಹೋಗಬೇಕು. ಹೋಗದಿದ್ದರೆ ಅದು ಆಸರೆಯಲ್ಲ, ಬಿಗಿತ.’ ಸುತ್ತುವಾಗ ಸುಮ್ಮನೆ ಸುತ್ತಿ, ಮಾತು ಬೇಡ. ಆ ಅರ್ಧ ನಿಮಿಷ ಶಾಮಿಯಾನ ಎಷ್ಟು ಸದ್ದಿಲ್ಲದೆ ಇರುತ್ತದೆ ಎಂದು ನೀವೇ ನೋಡುತ್ತೀರಿ.

ಆಮೇಲೆ ಬಳೆ, ಉಂಗುರದ ಮಾತು. ಕಡಿದ ಕೈ ಕಾಲು ಊದಿಕೊಳ್ಳುತ್ತದೆ. ಮೈಮೇಲಿನ ಲೋಹ ಅಲ್ಲೇ ಹಗ್ಗವಾಗುತ್ತದೆ. ಆದ್ದರಿಂದ ಊತ ಏರುವ ಮೊದಲೇ ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಬೇಕು. ಇದನ್ನು ಪಟ್ಟಿಯ ಐದನೆಯ ಅಂಶವೆಂದು ಓದಿ ಮುಂದೆ ಹೋಗಬೇಡಿ. ಆ ಪಟ್ಟಿಯಲ್ಲಿ ಕಾಲುಂಗುರವೂ ಬರುತ್ತದೆ, ಕಾಲುಂಗುರ ತೆಗೆಯಿರಿ ಎನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಗಂಡನೇ ಹಿಂಜರಿಯುತ್ತಾನೆ, ಅತ್ತೆ ಬೇಡವೆನ್ನುತ್ತಾರೆ. ಅಲ್ಲಿ ನಿಲ್ಲಿ. ‘ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ, ಊತ ಇಳಿದ ಮೇಲೆ ಮತ್ತೆ ಹಾಕಿಕೊಂಡರಾಯಿತು’ ಎಂದು ಹೇಳಿ. ಹೆಂಗಸರ ಸಭೆಯಲ್ಲಿ ಹೆಂಗಸೊಬ್ಬಳು ಹೇಳಬಹುದಾದ ಮಾತು ಇದು. ನನ್ನಂಥವನು ಹೇಳಿದರೆ ಅಷ್ಟು ನಾಟುವುದಿಲ್ಲ. ನಿಮ್ಮನ್ನೇ ಕರೆದದ್ದು ಒಳ್ಳೆಯದಾಯಿತು ಎಂದು ನನಗನ್ನಿಸಿದ್ದೂ ಇದಕ್ಕೆ.

ಸ್ಲೈಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲು ಹೊತ್ತು, ಶಾಮಿಯಾನ, ಬೆಳಕಿಗೆ ಬಿಳಿಚಿದ ಪರದೆ, ಕೈಕೊಡುವ ಕರೆಂಟು. ನಲವತ್ತರಲ್ಲಿ ಎರಡನ್ನು ದೊಡ್ಡ ಕಾಗದದ ಮೇಲೆ ಬರೆಸಿಕೊಂಡು ಹೋಗಿ. ಒಂದರಲ್ಲಿ ಮೂರು ‘ಬೇಡ’ಗಳು, ಇನ್ನೊಂದರಲ್ಲಿ 108.

ಓದಲೇ, ಬಾಯಿಪಾಠ ಮಾಡಲೇ ಎಂದಿರಿ. ಎರಡೂ ಬೇಡ. ಓದಿದರೆ ಕಣ್ಣು ಕಾಗದದಲ್ಲಿ ನೆಡುತ್ತದೆ. ಬಾಯಿಪಾಠವಾದರೆ ಕಣ್ಣು ಸೂರಿನಲ್ಲಿ. ಒಂದು ಪದ ಮರೆತರೆ ಇಡೀ ಸರಪಳಿ ಕಳಚುತ್ತದೆ. ಪೋಸ್ಟ್‌ಕಾರ್ಡ್ ಗಾತ್ರದ ದಪ್ಪ ಕಾಗದದ ಮೇಲೆ ಕೊಟ್ಟಿಗೆ, ಹಗ್ಗ–ಬ್ಲೇಡು–ಬಾಯಿ, ಟವೆಲ್, ಕಾಲುಂಗುರ, 108, ಕಟ್ಟುಹಾವು ಎಂದು ಆರು ಗುರುತು ಬರೆದುಕೊಳ್ಳಿ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಚೆನ್ನಾಗಿ ಬಾಯಿಗೆ ಬಂದಿರಲಿ. ನಡುವಿನದನ್ನು ಪ್ರತಿ ಸಲವೂ ಬೇರೆ ಬೇರೆ ಮಾತಿನಲ್ಲಿ ಹೇಳಿ ಅಭ್ಯಾಸ ಮಾಡಿ. ಅಭ್ಯಾಸವೆಂದರೆ ಮನಸ್ಸಿನಲ್ಲಿ ಓದಿಕೊಳ್ಳುವುದಲ್ಲ. ನಿಂತುಕೊಂಡು, ಗಟ್ಟಿಯಾಗಿ, ಕೈಯಲ್ಲಿ ನಿಜವಾದ ಟವೆಲ್ ಹಿಡಿದು. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುವಾಗ ಒಮ್ಮೆ ಹೇಳಿ ನೋಡಿ, ಯಾವ ವಾಕ್ಯ ಸದ್ದಿನಲ್ಲಿ ಮುಳುಗುತ್ತದೆಂದು ತಿಳಿಯುತ್ತದೆ.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ. ನಾನು ಗಡಿಯಾರ ಇಟ್ಟು ನೋಡಿದಂತೆ, ಕನ್ನಡದಲ್ಲಿ ಸಭೆಗೆ ತಿಳಿಯುವ ಹಾಗೆ ಮಾತನಾಡಿದರೆ ನಿಮಿಷಕ್ಕೆ ತೊಂಬತ್ತು, ಹೆಚ್ಚೆಂದರೆ ನೂರು ಪದ. ಹದಿನೈದು ನಿಮಿಷ ಕೊಟ್ಟಿದ್ದರೆ ಹನ್ನೊಂದಕ್ಕೆ ಸಿದ್ಧವಾಗಿ. ಚಪ್ಪಾಳೆ, ಕೈ ಎತ್ತುವುದು, ಟವೆಲ್ ಸುತ್ತುವುದು ಉಳಿದದ್ದನ್ನು ತಿನ್ನುತ್ತವೆ. ಇದರ ಜತೆಗೆ ಆರು ನಿಮಿಷದ ಇನ್ನೊಂದು ರೂಪವನ್ನೂ ಇಟ್ಟುಕೊಂಡಿರಿ. ನಮ್ಮ ಸಭೆಗಳನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ: ಹತ್ತಕ್ಕೆಂದದ್ದು ಹನ್ನೊಂದೂವರೆಗೆ ಶುರುವಾಗುತ್ತದೆ, ಉದ್ಘಾಟಕರು ‘ಎರಡೇ ಮಾತು’ ಎಂದು ನಲವತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ನಿಮ್ಮ ಸರದಿ ಬಂದಾಗ ಪಲಾವಿನ ವಾಸನೆ ಬರತೊಡಗಿರುತ್ತದೆ. ಆಗ ಹದಿನೈದು ನಿಮಿಷದ್ದನ್ನು ಆರಕ್ಕೆ ತುರುಕಿ ಓಡಿದರೆ ಯಾರಿಗೂ ಏನೂ ದಕ್ಕುವುದಿಲ್ಲ. ಮೂರು ‘ಬೇಡ’, ಟವೆಲ್, ಹೊರಡಿ. ಕೈಮುಗಿದು ಕೆಳಗಿಳಿಯಿರಿ. ಕಟ್ಟುಹಾವಿನ ಮಾತನ್ನು ಊಟದ ಪಂಕ್ತಿಯಲ್ಲಿ ಹೇಳಿದರಾಯಿತು.

ಇನ್ನು ಕಾಲು ನಡುಗುವುದು. ಅದು ಹೋಗುವುದಿಲ್ಲ, ನನಗಿನ್ನೂ ಹೋಗಿಲ್ಲ. ಆದರೆ ನಿಮಗೆ ಅನ್ನಿಸುವಷ್ಟು ಅದು ಹೊರಗೆ ಕಾಣುವುದಿಲ್ಲ, ಸೀರೆಯಲ್ಲಂತೂ ಕಾಣುವುದೇ ಇಲ್ಲ. ಕಾಣುವುದು ಕೈಯಲ್ಲಿನ ತೆಳು ಕಾಗದ, ಅದಕ್ಕೇ ದಪ್ಪ ಕಾಗದ ಎಂದದ್ದು. ಮೈಕಿನ ಮುಂದೆ ನಿಂತ ಕೂಡಲೇ ಮಾತು ಶುರು ಮಾಡಬೇಡಿ. ಮೈಕನ್ನು ಬಾಯಿಯಿಂದ ಒಂದು ಮುಷ್ಟಿಯಷ್ಟು ದೂರಕ್ಕೆ ಸರಿಪಡಿಸಿಕೊಳ್ಳಿ, ಸಭೆಯಲ್ಲಿ ಪರಿಚಯದ ಮುಖವೊಂದನ್ನು ಹುಡುಕಿ, ಉಸಿರು ಬಿಟ್ಟು, ಆಮೇಲೆ ನಮಸ್ಕಾರ ಹೇಳಿ. ನಿಮ್ಮ ವಿದ್ಯಾರ್ಥಿಗಳ ತಾಯಂದಿರು ಅಲ್ಲಿ ಹತ್ತಾರು ಮಂದಿ ಇರುತ್ತಾರೆ. ಅವರಲ್ಲಿ ಒಬ್ಬರಿಗೆ ಹೇಳುತ್ತಿದ್ದೇನೆ ಎಂದುಕೊಂಡರೆ ಮಾತು ತಾನಾಗಿ ನಿಧಾನವಾಗುತ್ತದೆ.

ನಾಟಿ ಔಷಧಿಯ ಪ್ರಶ್ನೆ ಬಂದೇ ಬರುತ್ತದೆ. ಯಾರೂ ಕೇಳದಿದ್ದರೆ ನೀವೇ ಎತ್ತಿ, ಏಕೆಂದರೆ ಅದು ಎಲ್ಲರ ಮನಸ್ಸಿನಲ್ಲಿರುತ್ತದೆ. ಇಲ್ಲಿ ಹೆಚ್ಚಿನವರು ಭಾಷಣ ಬಿಟ್ಟು ಜಗಳಕ್ಕೆ ಇಳಿಯುತ್ತಾರೆ. ‘ಮೂಢನಂಬಿಕೆ’ ಎಂಬ ಪದ ಬಾಯಿಂದ ಬಿದ್ದರೆ ಅರ್ಧ ಸಭೆ ನಿಮ್ಮ ಕೈಬಿಟ್ಟು ಹೋಗುತ್ತದೆ. ಆ ಸಭೆಯಲ್ಲಿ ಔಷಧಿ ಕೊಡುವವರ ಸೊಸೆಯೋ ಮಗಳೋ ಕುಳಿತಿರಬಹುದು. ನಿಮ್ಮ ಕೆಲಸ ಮಾಹಿತಿ ಕೊಡುವುದು, ವಾದ ಗೆಲ್ಲುವುದಲ್ಲ. ಆದ್ದರಿಂದ ಆ ನಂಬಿಕೆ ಹುಟ್ಟಿದ್ದು ಹೇಗೆಂದು ಬಿಡಿಸಿ ಹೇಳಿ. ‘ನಮ್ಮ ಸುತ್ತಮುತ್ತಲಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯರನ್ನು ಕೊಲ್ಲುವ ವಿಷವೇ ಇಲ್ಲ. ವಿಷದ ಹಾವೂ ಕೆಲವೊಮ್ಮೆ ಕಚ್ಚುತ್ತದೆ, ವಿಷ ಬಿಡುವುದಿಲ್ಲ. ಅಂಥವರು ಬೇರು ಅರೆದು ಕುಡಿದರೂ ಬದುಕುತ್ತಾರೆ, ಬರೀ ನೀರು ಕುಡಿದರೂ ಬದುಕುತ್ತಾರೆ. ಬದುಕಿದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸತ್ತವರು ಹೇಳುವಂತಿಲ್ಲವಲ್ಲ.’ ಇಷ್ಟು ಹೇಳಿ ನಿಲ್ಲಿಸಿದರೆ ಸಾಕು. ಮುಂದಿನದನ್ನು ಅವರೇ ಲೆಕ್ಕ ಹಾಕುತ್ತಾರೆ. ಯಾರಾದರೂ ಪಟ್ಟು ಹಿಡಿದರೆ, ‘ಔಷಧಿ ಆಮೇಲೂ ಕೊಡಿಸಬಹುದು ಅಕ್ಕ, ಮೊದಲು ಆಸ್ಪತ್ರೆ’ ಎನ್ನಿ. ಅಲ್ಲಿ ಸೋತಂತೆ ಕಂಡರೂ ಪರವಾಗಿಲ್ಲ. ಕಡಿಸಿಕೊಂಡವರು ಸಮಯಕ್ಕೆ ಆಸ್ಪತ್ರೆ ಸೇರಿದರೆ ನಿಮಗೆ ಬೇಕಾದದ್ದು ಆಯಿತು.

ಪ್ರಶ್ನೆ ಕೇಳಿದವರ ಧ್ವನಿ ಹಿಂದಿನವರಿಗೆ ಮುಟ್ಟಿರುವುದಿಲ್ಲ, ಆದ್ದರಿಂದ ಉತ್ತರಿಸುವ ಮೊದಲು ಪ್ರಶ್ನೆಯನ್ನು ಮೈಕಿನಲ್ಲಿ ನೀವೊಮ್ಮೆ ಹೇಳಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಡಾಕ್ಟರನ್ನು ಕೇಳಿ ನಿಮ್ಮ ಸಂಘಕ್ಕೆ ತಿಳಿಸುತ್ತೇನೆ’ ಎಂದರೆ ಟೀಚರ ಮರ್ಯಾದೆ ಹೋಗುವುದಿಲ್ಲ. ಮಗುವಿಗೂ ದೊಡ್ಡವರಿಗೂ ಚುಚ್ಚುಮದ್ದಿನ ಪ್ರಮಾಣ ಒಂದೇ ಏಕೆ ಎಂದು ಒಬ್ಬರಾದರೂ ಕೇಳುತ್ತಾರೆ, ಅದಕ್ಕೆ ತಯಾರಾಗಿರಿ: ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ. ಆಂಬುಲೆನ್ಸ್ ಬರುವುದು ತಡವಾದರೆ ಏನು ಮಾಡಬೇಕೆಂದೂ ಕೇಳುತ್ತಾರೆ: ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಬಹುದು, ನಡೆಸಿಕೊಂಡು ಹೋಗಬಾರದು. ಪ್ರಶ್ನೆಗಳು ಮುಗಿದ ಮೇಲೆ ಮೈಕನ್ನು ನಿರೂಪಕರಿಗೆ ಕೊಡುವ ಮುನ್ನ ಹಗ್ಗ, ಬ್ಲೇಡು, ಬಾಯಿ ಎಂದು ನೀವು ಹೇಳಿ, ‘ಬೇಡ’ವನ್ನು ಅವರಿಂದ ಹೇಳಿಸಿ.

ಇನ್ನೊಂದೇ ಕೆಲಸ ಬಾಕಿ ಇದೆ, ಅದನ್ನು ನಾಳೆಯೇ ಮಾಡಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಫೋನ್ ಮಾಡಿ, ಹಾವು ಕಡಿತದ ಚುಚ್ಚುಮದ್ದು ಈಗ ದಾಸ್ತಾನಿದೆಯೇ, ರಾತ್ರಿ ಹೊತ್ತು ಹೋದರೆ ಕೊಡುವವರು ಇರುತ್ತಾರೆಯೇ ಎಂದು ವಿಚಾರಿಸಿ. ಸಭೆಯ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ. ನೀವು ‘ಆಸ್ಪತ್ರೆಗೆ ಹೋಗಿ’ ಎಂದು ಮುಗಿಸಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳುವ ಮೊದಲ ಪ್ರಶ್ನೆ ‘ಯಾವ ಆಸ್ಪತ್ರೆಗೆ?’ ಎಂದೇ ಇರುತ್ತದೆ.